ಪದ ಬೇಕು: ಬಿಂದುಗಳನ್ನು ಹಾಯ್ದು ಹೋಗುವ ಸ್ಪ್ಲೈನ್‌ಗೆ ಕನ್ನಡದಲ್ಲಿ ಏನೆನ್ನೋಣ?

ಬರೆದವರು: ಗಣಿತ ಉಪನ್ಯಾಸಕಿ, ನಾಪೋಕ್ಲು

ಮಾನ್ಯರೇ,

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನಕ್ಕೆ ನಮ್ಮ ವಿದ್ಯಾರ್ಥಿಗಳು ಕೊಡಗಿನ ತಡಿಯಂಡಮೋಳ್ ಬೆಟ್ಟದ ದಾರಿಯ ಮಾದರಿಯೊಂದನ್ನು ಸಿದ್ಧಪಡಿಸಿದ್ದಾರೆ. ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಟು 1748 ಮೀಟರ್ ಎತ್ತರದ ತುದಿಯವರೆಗೂ ನಡೆದು, ಅಲ್ಲಲ್ಲಿ ನಿಂತು, ಮೊಬೈಲ್ ತೋರಿಸಿದ ಅಕ್ಷಾಂಶ, ರೇಖಾಂಶ, ಎತ್ತರ ಮೂರನ್ನೂ ಬರೆದುಕೊಂಡು ಬಂದಿದ್ದಾರೆ. ಆ ಬಿಂದುಗಳನ್ನು ಕಂಪ್ಯೂಟರಿಗೆ ಕೊಟ್ಟು ಮೂರು ಆಯಾಮಗಳಲ್ಲಿ ದಾರಿಯ ರೇಖೆ ಎಳೆಸಬೇಕು. ಬಿಂದುವಿನಿಂದ ಬಿಂದುವಿಗೆ ನೇರವಾಗಿ ಎಳೆದರೆ ಪ್ರತಿ ಬಿಂದುವಿನಲ್ಲೂ ಒಂದು ಮೂಲೆ ಏಳುತ್ತದೆ. ನಮಗೆ ಬೇಕಾದದ್ದು ಎಲ್ಲೂ ಮೂಲೆಯಿಲ್ಲದೆ, ಒಂದು ಬಿಂದುವನ್ನೂ ಬಿಡದೆ ಮುಟ್ಟಿಕೊಂಡು ಹೋಗುವ ರೇಖೆ. ತಂತ್ರಾಂಶದಲ್ಲಿ ಅದಕ್ಕೆ ಸ್ಪ್ಲೈನ್ ಎಂದು ಹೆಸರು.

ಫಲಕ ಬರೆಯುವವರಿಗೆ ನಾಳೆ ಸಂಜೆಯೊಳಗೆ ಒಕ್ಕಣೆ ಕೊಡಬೇಕು. ನನಗೆ ಹೊಳೆದದ್ದು 'ನುಣುಪು ವಕ್ರರೇಖೆ'. ಆದರೆ ನುಣುಪು ಕೈಯಿಂದ ಮುಟ್ಟಿ ತಿಳಿಯುವ ಗುಣ. ಗೆರೆಯೊಂದಕ್ಕೆ ಅದು ಒಗ್ಗುತ್ತದೆಯೇ? ಬಲ್ಲವರು ದಯವಿಟ್ಟು ಬೇಗ ತಿಳಿಸಿ.

*

ಬರೆದವರು: ನಿವೃತ್ತ ಕನ್ನಡ ಅಧ್ಯಾಪಕ, ವಿರಾಜಪೇಟೆ

'ನುಣುಪು ವಕ್ರರೇಖೆ' ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ದೋಷ. ನಡುವೆ ಜಾಗ ಬಿಟ್ಟು ಬರೆದ ಮಾತ್ರಕ್ಕೆ ದೋಷ ಕಳೆಯುವುದಿಲ್ಲ. ನುಣುಪಿಗೆ ಅದೇ ಅರ್ಥದ ಸಂಸ್ಕೃತ ಪದ ಹಾಕಿ 'ಮಸೃಣ ವಕ್ರರೇಖೆ' ಎಂದು ಬರೆಸಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

*

ಬರೆದವರು: ಸೋಮವಾರಪೇಟೆ

ಚರ್ಚೆಗೆ ಬೇಕಾದಷ್ಟಿದೆ. 'ಮಸೃಣ' ಎಂದು ಫಲಕದಲ್ಲಿ ಬರೆದರೆ ಕಕ್ಕಬ್ಬೆಯಿಂದ ಮಕ್ಕಳ ಕೆಲಸ ನೋಡಲು ಬರುವ ತಂದೆತಾಯಿಯರಲ್ಲಿ ಎಷ್ಟು ಮಂದಿಗೆ ಅರ್ಥವಾದೀತು? ಕನ್ನಡದ ಫಲಕವನ್ನು ಕನ್ನಡ ನಿಘಂಟು ಹಿಡಿದುಕೊಂಡು ಓದಬೇಕೆ?

'ವಕ್ರ'ವೂ ಬೇಡ. ಬುದ್ಧಿ ವಕ್ರ, ದೃಷ್ಟಿ ವಕ್ರ, ಮಾತು ವಕ್ರ: ನಮ್ಮ ಬಳಕೆಯಲ್ಲಿ ವಕ್ರವಾದದ್ದೆಲ್ಲ ತಿದ್ದಬೇಕಾದದ್ದು. ಡೊಂಕು, ಕೊಂಕುಗಳದೂ ಅದೇ ಪಾಡು. ಬಾಗು, ಬಳುಕು ಇವೆರಡಕ್ಕೆ ಮಾತ್ರ ಆ ಕಳಂಕ ಅಂಟಿಲ್ಲ. ಇನ್ನು 'ಗೆರೆ' ಇರುವಾಗ 'ರೇಖೆ' ಯಾಕೆ? ಗೀರಿದ್ದು ಗೆರೆ. ಎರಡೂ ಒಂದೇ ಬೇರಿನವು ಎಂದು ನಾನು ನಂಬುತ್ತೇನೆ, ಮತ್ತು ಈ ನಂಟು ಕನ್ನಡಿಗನಿಗೆ ಹೇಳಿಕೊಡದೆಯೇ ಹೊಳೆಯುತ್ತದೆ.

ಈಗ ಮೂಲಕ್ಕೆ ಬನ್ನಿ. ಸ್ಪ್ಲೈನ್ ಗಣಿತದವರು ಹುಟ್ಟಿಸಿದ ಪದವೇ ಅಲ್ಲ. ಇಂಗ್ಲೆಂಡಿನ ಪೂರ್ವ ಸೀಮೆಯ ಆಡುಮಾತಿನಲ್ಲಿ ತೆಳ್ಳನೆಯ ಮರದ ಪಟ್ಟಿಗೆ ಆ ಹೆಸರಿತ್ತು. ಹಡಗಿನ ನಕ್ಷೆ ಬರೆಯುವವರು ಅಂಥ ಪಟ್ಟಿಯನ್ನು ಹಲಗೆಯ ಮೇಲಿಟ್ಟು, ಬೇಕಾದ ಜಾಗಗಳಲ್ಲಿ ಸೀಸದ ತೂಕ ಹೇರಿ ಬಾಗಿಸಿ, ಅದರ ಅಂಚು ಹಿಡಿದು ಗೆರೆ ಎಳೆಯುತ್ತಿದ್ದರು. 1946ರಲ್ಲಿ ಶೋಯೆನ್‌ಬರ್ಗ್ ಎಂಬ ಗಣಿತಜ್ಞ ಆ ಹೆಸರನ್ನು ಗಣಿತಕ್ಕೆ ತಂದರು. ಅವರು ತಮ್ಮ ಬಡಗಿಯಿಂದ ಪದ ಪಡೆದರು. ನಾವು ಅವರಿಂದ ಕಡ ತರುವ ಬದಲು ನಮ್ಮ ಬಡಗಿಯ ಬಳಿಗೇ ಹೋಗಬೇಕು. ಬಿದಿರನ್ನೋ ಅಡಕೆ ಮರವನ್ನೋ ಸೀಳಿ ತೆಗೆದ, ಬಳುಕುವ ಪಟ್ಟಿಗೆ ನಮ್ಮಲ್ಲಿ ದಬ್ಬೆ ಎನ್ನುತ್ತೇವೆ. ಪದ ಸಿದ್ಧವಾಗಿಯೇ ಇದೆ: 'ದಬ್ಬೆಗೆರೆ'.

*

ಬರೆದವರು: ತಂತ್ರಾಂಶ ಕೆಲಸದವ, ಮಡಿಕೇರಿ

ದಬ್ಬೆಗೆರೆ ಎಂದರೆ ಬೇಲಿ ಕಟ್ಟುವ ಪಾಠ ಎಂದುಕೊಳ್ಳುತ್ತಾರೆ. ಆಗದು.

'ಸ್ಪ್ಲೈನ್' ಎಂದೇ ಇರಲಿ. ಜಿಯೋಜೆಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಆದೇಶದ ಹೆಸರು ಅದು. ಮ್ಯಾಟ್‌ಲ್ಯಾಬ್, ಆಕ್ಟೇವ್‌ಗಳಲ್ಲಿಯೂ ಅದೇ. ಪೈಥಾನಿನ ಗಣಿತ ಸಂಗ್ರಹವಾದ ಸೈಪೈಯಲ್ಲಿ 'ಕ್ಯೂಬಿಕ್ ಸ್ಪ್ಲೈನ್'. ವಿದ್ಯಾರ್ಥಿ ನಾಳೆ ಬೆರಳಿನಿಂದ ಒತ್ತಬೇಕಾದ ಅಕ್ಷರಗಳು ಅವೇ. ಫಲಕದಲ್ಲಿ ಒಂದು ಹೆಸರು, ಪರದೆಯ ಮೇಲೆ ಇನ್ನೊಂದು ಹೆಸರು ಇದ್ದರೆ ಕಲಿಯುವವನಿಗೆ ಎರಡು ಪಟ್ಟು ಹೊರೆ. ಪದದ ಶುದ್ಧಿಗೆ ಆ ಹೊರೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಎರವಲು ಎಂದರೆ ಯಾಕಿಷ್ಟು ಅಂಜಿಕೆ? ನಮ್ಮ ಜ್ಯಾ, ಜೀವಾ ಅರಬ್ಬಿಗೆ ಹೋಗಿ, ಅಲ್ಲಿ 'ಜೈಬ್' ಎಂದು ಓದಿಸಿಕೊಂಡು, ಲ್ಯಾಟಿನ್‌ನಲ್ಲಿ 'ಸೈನಸ್' ಆಗಿ, ಕೊನೆಗೆ ಸೈನ್ ಎಂಬ ಹೆಸರಿನಲ್ಲಿ ನಮ್ಮ ಹತ್ತನೆಯ ತರಗತಿಗೆ ಮರಳಿ ಬಂತು. ಆ ದಾರಿಯಲ್ಲಿ ಯಾವ ಭಾಷೆಯೂ ಸೊರಗಲಿಲ್ಲ.

*

ಬರೆದವರು: ನಾಪೋಕ್ಲು

ಎಲ್ಲರಿಗೂ ವಂದನೆ. ಮಡಿಕೇರಿಯವರ ಮಾತಿಗೆ ಒಂದು ತೊಡಕಿದೆ. ಬರೀ 'ಸ್ಪ್ಲೈನ್' ಎಂದರೆ ರೇಖೆ ಬಿಂದುಗಳನ್ನು ಮುಟ್ಟಿಯೇ ಹೋಗುತ್ತದೆ ಎಂಬ ಅರ್ಥ ಬರುತ್ತದೆಯೇ? ನಮ್ಮ ಪ್ರದರ್ಶನದ ತಿರುಳೇ ಅದು. ಮಕ್ಕಳು ನಿಂತ ಜಾಗಗಳನ್ನು ಮಾದರಿಯಲ್ಲಿ ಕೆಂಪು ಮಣಿಗಳಾಗಿ ಕೂರಿಸಿದ್ದೇವೆ; ತಂತಿ ಆ ಮಣಿಗಳೊಳಗಿಂದ ಹಾಯಬೇಕು.

*

ಬರೆದವರು: ನಿವೃತ್ತ ಗಣಿತ ಅಧ್ಯಾಪಕಿ, ಗೋಣಿಕೊಪ್ಪಲು

ನಾಪೋಕ್ಲುವಿನ ಮೇಡಂ ಕೇಳಿದ್ದೇ ಸರಿಯಾದ ಪ್ರಶ್ನೆ, ಮೇಲಿನ ಮೂವರೂ ಅದರ ಹತ್ತಿರ ಸುಳಿದಿಲ್ಲ. ವಸ್ತು ಏನೆಂದು ತಿಳಿಯದೆ ಹೆಸರಿಗೆ ಜಗಳವಾಡಿದರೆ ಫಲವಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕು.

ಬೆಟ್ಟದ ದಾರಿ ಹೋದ ಕಡೆಗೇ ಹೊರಳಿ ಬರುತ್ತದೆ. ಒಂದೇ ರೇಖಾಂಶವನ್ನು ತಿರುವಿನ ಕೆಳಗೂ ಮೇಲೂ ದಾಟುತ್ತದೆ. ಆದ್ದರಿಂದ ಅಕ್ಷಾಂಶವನ್ನಾಗಲಿ ಎತ್ತರವನ್ನಾಗಲಿ ರೇಖಾಂಶದ ಫಲನವಾಗಿ, ಅಂದರೆ ಒಂದು ರೇಖಾಂಶಕ್ಕೆ ಒಂದೇ ಬೆಲೆ ಬರುವಂತೆ, ಬರೆಯಲು ಬರುವುದಿಲ್ಲ. ನಾಲ್ಕನೆಯದೊಂದು ಚರ ಬೇಕು, ಅದೇ ಪ್ರಾಚಲ. ದಾರಿಯಲ್ಲಿ ಎಷ್ಟು ಸಾಗಿದೆವು ಎಂಬುದಕ್ಕೆ ಅದನ್ನು ಅಳತೆಯಾಗಿ ಇಟ್ಟುಕೊಂಡು, ಮೂರು ನಿರ್ದೇಶಾಂಕಗಳನ್ನೂ ಬೇರೆ ಬೇರೆಯಾಗಿ ಆ ಪ್ರಾಚಲದ ಫಲನಗಳನ್ನಾಗಿ ಮಾಡಬೇಕು. ಒಂದು ಬಿಂದುವಿನಿಂದ ಮುಂದಿನದಕ್ಕೆ ಇರುವ ನೇರ ದೂರಗಳನ್ನು ಕೂಡಿಸುತ್ತ ಹೋದರೆ ಪ್ರಾಚಲದ ಬೆಲೆಗಳು ಸಿಗುತ್ತವೆ. ಇಲ್ಲೊಂದು ಎಚ್ಚರ: ಅಕ್ಷಾಂಶ, ರೇಖಾಂಶ ಇರುವುದು ಡಿಗ್ರಿಯಲ್ಲಿ, ಎತ್ತರ ಇರುವುದು ಮೀಟರಿನಲ್ಲಿ. ಕೊಡಗಿನಲ್ಲಿ ರೇಖಾಂಶದ ಒಂದು ಡಿಗ್ರಿ ಎಂದರೆ ಸುಮಾರು 109 ಕಿಲೋಮೀಟರ್, ಅಕ್ಷಾಂಶದ್ದು ಸುಮಾರು 111. ಎಲ್ಲವನ್ನೂ ಮೀಟರಿಗೆ ತರದೆ ಹಾಗೆಯೇ ಲೆಕ್ಕಕ್ಕೆ ಹಾಕಿದರೆ ದೂರವೆಲ್ಲ ಎತ್ತರದ್ದೇ ಆಗಿಬಿಡುತ್ತದೆ. ಸಮತಟ್ಟಾದ ಜಾಗದಲ್ಲಿ ಎಷ್ಟು ನಡೆದರೂ ಪ್ರಾಚಲ ಅಲುಗುವುದಿಲ್ಲ, ರೇಖೆ ಗಂಟು ಬೀಳುತ್ತದೆ. ಮಕ್ಕಳು ಇದನ್ನು ಮಾಡಿದ್ದಾರೆಯೇ ಎಂದು ಮೊದಲು ನೋಡಿ, ಫಲಕ ಆಮೇಲೆ.

ಎಲ್ಲ ಬಿಂದುಗಳಿಗೂ ಒಂದೇ ಬಹುಪದೋಕ್ತಿ ಹಾಕಿದರೆ ಏನಾಗುತ್ತದೆ ಎಂದು ಗಣಿತಜ್ಞ ರುಂಗೆ 1901ರಲ್ಲೇ ತೋರಿಸಿದ್ದಾರೆ: ಘಾತ ಏರಿದಂತೆ ರೇಖೆ ತುದಿಗಳಲ್ಲಿ ಹುಚ್ಚೆದ್ದು ಓಲಾಡುತ್ತದೆ. ಅದಕ್ಕೇ ತುಂಡು ತುಂಡಾಗಿ ಕಟ್ಟುವುದು. ಅಕ್ಕಪಕ್ಕದ ಎರಡು ಬಿಂದುಗಳ ನಡುವೆ ಒಂದು ಘನ ಬಹುಪದೋಕ್ತಿ. ತುಂಡು ತುಂಡಿಗೆ ಸೇರುವಲ್ಲಿ ಬೆಲೆ ಒಂದೇ, ಇಳಿಜಾರು ಒಂದೇ, ಇಳಿಜಾರು ಬದಲಾಗುವ ದರವೂ ಒಂದೇ. ಹತ್ತು ತುಂಡುಗಳಿದ್ದರೆ ಸಹಗುಣಕಗಳು ನಲವತ್ತು, ಪ್ರತಿ ಬಿಂದುವನ್ನೂ ಮುಟ್ಟಬೇಕೆಂಬುದೂ ಸೇರಿ ನಿಬಂಧನೆಗಳು ಮೂವತ್ತೆಂಟು. ಉಳಿದ ಎರಡನ್ನು ದಾರಿಯ ಎರಡು ತುದಿಗಳಲ್ಲಿ ನಾವು ಕೊಡಬೇಕು. ತುದಿಯಲ್ಲಿ ಬಾಗು ಬೇಡ ಎಂದು ಕೊಟ್ಟರೆ, ಸೋಮವಾರಪೇಟೆಯವರು ಹೇಳಿದ ಮರದ ಪಟ್ಟಿ ತೂಕಗಳಾಚೆ ನೇರವಾಗಿ ಚಾಚಿಕೊಳ್ಳುವಂತೆಯೇ ಇರುತ್ತದೆ.

ಈಗ ಮುಖ್ಯ ಮಾತು. ಸ್ಪ್ಲೈನ್‌ಗಳೆಲ್ಲ ಬಿಂದುಗಳನ್ನು ಹಾಯುವುದಿಲ್ಲ. ಬಿ-ಸ್ಪ್ಲೈನ್ ಎಂಬ ಬಗೆಗೆ ಕೊಡುವ ಬಿಂದುಗಳು ರೇಖೆಯನ್ನು ತಮ್ಮತ್ತ ಸೆಳೆಯುತ್ತವೆ, ಸಾಮಾನ್ಯವಾಗಿ ರೇಖೆ ಅವನ್ನು ಮುಟ್ಟುವುದಿಲ್ಲ. ಸೈಪೈಯ 'ಸ್ಪ್ಲ್‌ಪ್ರೆಪ್' ಎಂಬ ಆದೇಶ ಬಳಸುವವರು 'ಎಸ್' ಎಂಬ ಬೆಲೆಯನ್ನು ಸೊನ್ನೆ ಎಂದು ತಾವಾಗಿ ಕೊಡದಿದ್ದರೆ, ಅದು ಬಿಂದುಗಳ ಸಂಖ್ಯೆ ನೋಡಿ ತಾನೇ ಒಂದು ಸಡಿಲ ಇಟ್ಟುಕೊಳ್ಳುತ್ತದೆ. ರೇಖೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಬಿಂದುಗಳ ಪಕ್ಕದಲ್ಲಿ ಹಾದುಹೋಗುತ್ತದೆ. ಅದು ತಪ್ಪಲ್ಲ. ಮೊಬೈಲ್ ಹೇಳುವ ಎತ್ತರ ಅಕ್ಷಾಂಶ ರೇಖಾಂಶಗಳಷ್ಟು ನಂಬಿಕೆಗೆ ಅರ್ಹವಲ್ಲವಾದ್ದರಿಂದ, ದಾರಿಯ ನಿಜವಾದ ಏರಿಳಿತ ಬೇಕೆನ್ನುವವರಿಗೆ ಸಡಿಲ ಬಿಟ್ಟ ರೇಖೆಯೇ ಮೇಲು. ಪ್ರತಿ ಅಳತೆಯನ್ನೂ ಮುಟ್ಟಲೇಬೇಕೆಂದು ಹಟ ಹಿಡಿದರೆ ಮೊಬೈಲಿನ ತಪ್ಪೂ ಬೆಟ್ಟದ ಉಬ್ಬುತಗ್ಗಾಗಿ ಕಾಣುತ್ತದೆ.

ಹಾಗಾಗಿ ಹೆಸರು ಹೇಳಬೇಕಾದದ್ದು ನುಣುಪನ್ನಲ್ಲ. ರೇಖೆ ಬಿಂದುಗಳನ್ನು ಹಾಯುತ್ತದೆಯೋ ಸಮೀಪಿಸುತ್ತದೆಯೋ ಎಂಬುದನ್ನು. ಒಂದಕ್ಕೆ 'ಹಾಯುವ', ಇನ್ನೊಂದಕ್ಕೆ 'ಸಮೀಪಿಸುವ' ಎಂದು ಸೇರಿಸಿ. ಮುಂದಿನ ಪದ ಗೆರೆಯೋ ರೇಖೆಯೋ, ನನಗೆ ಎರಡೂ ಸಮ್ಮತ.

*

ಬರೆದವರು: ಸೋಮವಾರಪೇಟೆ

ಮೇಡಂ ಅವರ ವಿವರಣೆಗೆ ತಲೆಬಾಗುತ್ತೇನೆ. ಆದರೆ 'ಎರಡೂ ಸಮ್ಮತ' ಎಂಬ ಮಾತನ್ನು ಒಪ್ಪಲಾರೆ. ಇಂಥ ಉದಾರತೆಯಿಂದಲೇ ನಮ್ಮ ಗಣಿತದ ಪುಸ್ತಕಗಳು ಕನ್ನಡ ಲಿಪಿಯಲ್ಲಿದ್ದೂ ಕನ್ನಡದ ಮಕ್ಕಳಿಗೆ ಪರಕೀಯವಾಗಿರುವುದು. ಹಾಯು, ಬಳುಕು, ಗೆರೆ ಮೂರೂ ನಮ್ಮವು. 'ಚುಕ್ಕಿ ಹಾಯುವ ಬಳುಕುಗೆರೆ' ಎನ್ನಿ. ದಬ್ಬೆ ಬೇಡವೆಂದರೆ ಬಿಡುತ್ತೇನೆ, ಬಳುಕನ್ನು ಬಿಡುವುದಿಲ್ಲ. ಪಟ್ಟಿ ಮುರಿಯದೆ ಬಾಗುವ ಗುಣಕ್ಕೆ ಅದಕ್ಕಿಂತ ತಕ್ಕ ಮಾತು ಇನ್ನೊಂದಿಲ್ಲ.

*

ಬರೆದವರು: ಮಡಿಕೇರಿ

ಬಡಗಿಯ ಬಳಿಗೆ ಹೋಗಬೇಕು ಎಂದಿರಿ. ಹೋಗೋಣ. ಹೆಂಚಿನ ಮಾಡಿಗೆ ಪಕ್ಕಾಸಿನ ಮೇಲೆ ಹೊಡೆಯುವ ತೆಳು ಪಟ್ಟಿಗೆ ಕೊಡಗಿನ ಯಾವ ಬಡಗಿಯೂ ದಬ್ಬೆ ಎನ್ನುವುದಿಲ್ಲ, ರೀಪು ಎನ್ನುತ್ತಾನೆ. ರೀಪು ಮರಾಠಿಯಲ್ಲಿಯೂ ಇದೆ, ಇಲ್ಲಿದ್ದ ಇಂಗ್ಲಿಷರ ಬಾಯಲ್ಲಿಯೂ ಇತ್ತು. ನಿಮ್ಮ ಬಡಗಿ ಕೆಲಸಕ್ಕೆ ಒದಗಿದ ಪದವನ್ನು ಊರು ಕೇಳದೆ ತೆಗೆದುಕೊಂಡ. ತಂತ್ರಾಂಶದವನಿಗೆ ಮಾತ್ರ ಆ ಹಕ್ಕಿಲ್ಲವೇ? ಮನೆಯಲ್ಲಿ ಕೊಡವ ತಕ್ಕ್, ಅಂಗಡಿಯಲ್ಲಿ ಮಲಯಾಳಂ, ಪಕ್ಕದ ಮನೆಯವರೊಂದಿಗೆ ಅರೆಭಾಷೆ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳ ಮುಂದೆ ಶುದ್ಧಗನ್ನಡದ ಪಾಠ ಹೇಳುವುದು ಅನ್ಯಾಯ.

*

ಬರೆದವರು: ಸೋಮವಾರಪೇಟೆ

ರೀಪು ಉದ್ದಕ್ಕೆ ನೇರವಾಗಿರಬೇಕು, ಬಳುಕಿದರೆ ಹೆಂಚು ಕೂರುವುದಿಲ್ಲ. ಉದಾಹರಣೆಯೇ ತಪ್ಪು. ನಾಲ್ಕು ಭಾಷೆ ಆಡುವ ಮಗುವಿಗೆ ಪ್ರತಿ ಭಾಷೆಯಲ್ಲೂ ಗಟ್ಟಿ ಪದ ಸಿಗಬೇಕು. ನಾಲ್ಕರಲ್ಲೂ ಸ್ಪ್ಲೈನ್ ಒಂದೇ ಸಿಕ್ಕರೆ ಅದು ನಾಲ್ಕು ಭಾಷೆ ಕಲಿತು ಏನು ಪಡೆಯಿತು?

*

ಬರೆದವರು: ವಿರಾಜಪೇಟೆ

ಮಸೃಣ ಕಠಿಣವೆಂದು ಕೈಬಿಟ್ಟಿರಿ, ಆಗಲಿ. ವ್ಯಾಕರಣವನ್ನಾದರೂ ಉಳಿಸಿ. ಕೇಶಿರಾಜ ಅರಿಸಮಾಸವನ್ನು ಬೇಡವೆಂದರೂ ಗಮಕಸಮಾಸ, ಕ್ರಿಯಾಸಮಾಸಗಳಿಗೆ ಆ ನಿಷೇಧ ತಾಗುವುದಿಲ್ಲ. 'ಹಾಯುವ ರೇಖೆ'ಯಲ್ಲಿ ಪೂರ್ವಪದ ಕೃದಂತ, ಆದ್ದರಿಂದ ಅದು ಗಮಕ. ಉತ್ತರಪದ ಸಂಸ್ಕೃತವಾದರೂ ದೋಷವಿಲ್ಲ. 'ಬಳುಕುರೇಖೆ' ಎಂದು ಬರೆದರೆ ಮಾತ್ರ ನನ್ನ ವಿರೋಧವಿದೆ. 'ಬಳುಕುಗೆರೆ'ಗೆ ವಿರೋಧವಿಲ್ಲ. 'ಮುಂಗಡಪತ್ರ', 'ದಿನಬಳಕೆ' ಎಲ್ಲರೂ ಬರೆಯುತ್ತಾರಲ್ಲ ಎಂದು ಯಾರೂ ಕೇಳಬೇಡಿ. ರೂಢಿ ನುಂಗಿದ್ದನ್ನು ಹೊರತೆಗೆಯಲು ಸಾಧ್ಯವಿಲ್ಲ, ಹೊಸದಾಗಿ ತಪ್ಪು ಹುಟ್ಟಿಸುವುದನ್ನು ತಡೆಯಬಹುದು.

*

ಬರೆದವರು: ನಾಪೋಕ್ಲು

ಎಲ್ಲರಿಗೂ ಕೃತಜ್ಞತೆ. ಗೋಣಿಕೊಪ್ಪಲಿನ ಮೇಡಂ ಬರೆದದ್ದನ್ನು ಓದಿ ಇಂದು ಮಧ್ಯಾಹ್ನ ಮಕ್ಕಳೊಂದಿಗೆ ಕುಳಿತು ಅಳತೆಗಳನ್ನೆಲ್ಲ ಮೀಟರಿಗೆ ತಂದು ಮತ್ತೆ ಎಳೆಸಿದೆ. ತುದಿಗೆ ಮುಂಚಿನ ಕಡಿದಾದ ಏರಿನ ಭಾಗ ಮೊದಲು ಸುರುಳಿಯಂತೆ ಕಾಣುತ್ತಿತ್ತು, ಈಗ ನಡೆದ ದಾರಿಯಂತೆಯೇ ಬಂದಿದೆ. 'ಎಸ್' ಸೊನ್ನೆ ಇಟ್ಟು ಒಮ್ಮೆ, ಇಡದೆ ಒಮ್ಮೆ, ಎರಡನ್ನೂ ಎರಡು ಬಣ್ಣದಲ್ಲಿ ಅಕ್ಕಪಕ್ಕ ತೋರಿಸುತ್ತೇವೆ.

ಫಲಕದ ಒಕ್ಕಣೆ ಹೀಗೆ ಕೊಟ್ಟಿದ್ದೇನೆ. ಮೇಲಿನ ಸಾಲು: 'ಬಿಂದುಗಳನ್ನು ಹಾಯುವ ಬಳುಕುಗೆರೆ'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಗಣಿತ ತಂತ್ರಾಂಶಗಳಲ್ಲಿ ಇದರ ಹೆಸರು ಸ್ಪ್ಲೈನ್'. ಎರಡನೆಯ ರೇಖೆಯ ಚೀಟಿಗೆ 'ಬಿಂದುಗಳನ್ನು ಸಮೀಪಿಸುವ ಬಳುಕುಗೆರೆ'. ಚುಕ್ಕಿ ಎಂದು ಬರೆಸಲಿಲ್ಲ, ಮಕ್ಕಳ ಪಠ್ಯಪುಸ್ತಕದಲ್ಲಿ ಬಿಂದು ಇದೆ.

ಇನ್ನೊಂದು ಪದ ಬೇಕಾಗಿದೆ, ಇದಕ್ಕೆ ಅವಸರವಿಲ್ಲ. ತುಂಡು ತುಂಡಿಗೆ ಸೇರುವ ಜಾಗವನ್ನು ತಂತ್ರಾಂಶದಲ್ಲಿ 'ನಾಟ್' ಎನ್ನುತ್ತಾರೆ, ಹಗ್ಗದ ಗಂಟಿನ ಅರ್ಥದಲ್ಲಿ. ನಮ್ಮ ರೇಖೆಯಲ್ಲಿ ಅಲ್ಲಿ ಗಂಟೇ ಕಾಣಬಾರದು ಎಂಬುದು ಉದ್ದೇಶವಾದ್ದರಿಂದ 'ಗಂಟು' ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. 'ಸಂಧಿ' ಎನ್ನಬಹುದೇ, 'ಬೆಸುಗೆ' ಮೇಲೇ?

*

ಬರೆದವರು: ವಿರಾಜಪೇಟೆ

ಸಂಧಿ.

*

ಬರೆದವರು: ಸೋಮವಾರಪೇಟೆ

ಬೆಸುಗೆ.