ಐಟಿಐ ಫಿಟ್ಟರ್ ಕೆಲಸ: ಆರು ವರ್ಷಕ್ಕೆ ಮೂರೂವರೆ ಸಾವಿರ ಹೆಚ್ಚಿಗೆ. ಇದನ್ನು ಹೆಚ್ಚಳ ಎನ್ನಬಹುದೇ?

ಪ್ರಶ್ನೆ: ಫಿಟ್ಟರ್, ಕಾರವಾರ

ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಮುಗಿಸಿ 2019ರಲ್ಲಿ ಇಲ್ಲಿಯ ಗುತ್ತಿಗೆದಾರರೊಬ್ಬರ ಬಳಿ ತಿಂಗಳಿಗೆ 16,000 ರೂಪಾಯಿ ಸಂಬಳಕ್ಕೆ ಸೇರಿದೆ. ಆರು ವರ್ಷಗಳ ನಂತರ ಅದು 19,500ಕ್ಕೆ ಬಂದು ನಿಂತಿದೆ. ಈ ನಡುವೆ ಪಂಪು ಬಿಚ್ಚಿ ಜೋಡಿಸುವುದು, ಬೇರಿಂಗ್ ಬದಲಿಸುವುದು, ಶಾಫ್ಟ್ ಅಲೈನ್‌ಮೆಂಟ್ ಇವೆಲ್ಲವನ್ನೂ ಮೇಲ್ವಿಚಾರಕರ ನೆರವಿಲ್ಲದೆ ಮಾಡುವಷ್ಟು ಕಲಿತಿದ್ದೇನೆ. ಆದರೂ ಮೊನ್ನೆ ಮೊನ್ನೆ ಸೇರಿದ ಸಹಾಯಕನಿಗೂ ನನಗೂ ಸಂಬಳದಲ್ಲಿರುವ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಮನೆ ಬಾಡಿಗೆ, ಶಾಲೆಯ ವ್ಯಾನು, ಅಡುಗೆ ಎಣ್ಣೆ ಯಾವುದೂ ಹಳೆಯ ದರದಲ್ಲಿ ಉಳಿದಿಲ್ಲ. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಆ ಎರಡು ತಿಂಗಳು ಬಂಗಡೆಯನ್ನೂ ಎಣಿಸಿ ಕೊಳ್ಳುವ ಸ್ಥಿತಿ. ಕಲಿತ ಕೆಲಸಕ್ಕೆ ನಿಜವಾಗಿ ಬೆಲೆ ಇದೆಯೇ, ಇದ್ದರೆ ಅದು ನನ್ನ ಸಂಬಳದ ಚೀಟಿಯಲ್ಲಿ ಏಕೆ ಕಾಣುತ್ತಿಲ್ಲ?

ಉತ್ತರ: ಲೆಕ್ಕ ಬರೆಯುವವನು, ಕುಮಟಾ

ಬೆಲೆಯೇರಿಕೆಯನ್ನು ವರ್ಷಕ್ಕೆ ಸರಾಸರಿ ಶೇ 5 ಎಂದು ಹಿಡಿದರೂ ಆರು ವರ್ಷಗಳಲ್ಲಿ 100 ರೂಪಾಯಿಯ ಸಾಮಾನು 134 ರೂಪಾಯಿ ಆಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ 16,000 ಇದ್ದಲ್ಲೇ ಉಳಿಯಬೇಕಾದರೂ ಇಂದು 21,440 ಆಗಿರಬೇಕಿತ್ತು. ಇಂದಿನ 19,500 ಎಂದರೆ ಅಂದಿನ ಹದಿನಾಲ್ಕೂವರೆ ಸಾವಿರ. ಆದ್ದರಿಂದ ಇದು ಹೆಚ್ಚಳವಲ್ಲ, ಕಡಿತ.

ಸಹಾಯಕನೊಂದಿಗಿನ ಅಂತರ ಕಿರಿದಾಗಲು ಬೇರೆಯೇ ಕಾರಣವಿದೆ. ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆಯನ್ನು ನಮ್ಮ ರಾಜ್ಯ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಿಸುತ್ತದೆ, ಮತ್ತು ಹೆಚ್ಚಿನ ಅಧಿಸೂಚನೆಗಳಲ್ಲಿ ಅದು ಬೆಲೆ ಸೂಚ್ಯಂಕದ ಪಾಯಿಂಟಿಗೆ ಇಷ್ಟು ಪೈಸೆ ಎಂದು ಇರುತ್ತದೆ. ಅಕುಶಲನಿಗೂ ಕುಶಲನಿಗೂ ಅದೇ ಪೈಸೆ. ಇಬ್ಬರಿಗೂ ಒಂದೇ ಮೊತ್ತ ಸೇರುತ್ತ ಹೋದರೆ ರೂಪಾಯಿಯ ಅಂತರ ಹಾಗೆಯೇ ಇದ್ದು, ಅದರ ಮೌಲ್ಯ ಮಾತ್ರ ಸವೆಯುತ್ತದೆ. ಅದರ ಮೇಲೆ ಮಾಲೀಕರು ಸಹಾಯಕನಿಗೆ ಕಾನೂನು ಹೇಳಿದಷ್ಟನ್ನು ಏರಿಸಿ, ಕನಿಷ್ಠಕ್ಕಿಂತ ತುಸು ಮೇಲಿರುವ ನಿಮಗೆ ಏನನ್ನೂ ಏರಿಸದಿದ್ದರೆ ರೂಪಾಯಿಯ ಅಂತರವೂ ಕರಗುತ್ತದೆ. ಕೇಂದ್ರದ ದರಗಳಲ್ಲೂ ಕೌಶಲ್ಯಕ್ಕೆ ಸಿಗುವ ಮರ್ಯಾದೆ ದೊಡ್ಡದೇನಲ್ಲ: 2024ರ ಅಕ್ಟೋಬರ್‌ನಲ್ಲಿ ನಿರ್ಮಾಣ ಕೆಲಸಕ್ಕೆ ‘ಎ’ ವಲಯದಲ್ಲಿ, ಎಂದರೆ ದೊಡ್ಡ ನಗರಗಳಲ್ಲಿ, ಅಕುಶಲ ಕಾರ್ಮಿಕರಿಗೆ ದಿನಕ್ಕೆ 783 ರೂಪಾಯಿ, ಕುಶಲರಿಗೆ 954 ರೂಪಾಯಿ ನಿಗದಿಯಾಗಿತ್ತು. ಎರಡು ವರ್ಷದ ಐಟಿಐಗೆ ಶೇ 22ರಷ್ಟು ಹೆಚ್ಚು, ಅಷ್ಟೇ.

ನಿಮ್ಮ ಗುತ್ತಿಗೆ ಕೇಂದ್ರ ಸರ್ಕಾರದ ಸಂಸ್ಥೆಯ ಕೆಲಸದ್ದಾಗಿದ್ದರೆ ನಿಮಗೆ ಅನ್ವಯಿಸುವುದು ಕೇಂದ್ರದ ದರವೇ ಹೊರತು ರಾಜ್ಯದ್ದಲ್ಲ. ಚೀಟಿಯಲ್ಲಿ ನಿಮ್ಮನ್ನು ‘ಅರೆಕುಶಲ’ ಎಂದು ಬರೆದಿದ್ದಾರೆಯೇ ಎಂಬುದನ್ನು ಮೊದಲು ನೋಡಿ; ಮೋಸ ಬಹಳಷ್ಟು ಸಲ ಆ ಒಂದು ಪದದಲ್ಲೇ ಇರುತ್ತದೆ.

ಉತ್ತರ: ತೋಟಿಗ, ಶಿರಸಿ

ಮೇಲಿನವರ ಲೆಕ್ಕ ಸರಿ, ಆದರೆ ಅಧಿಸೂಚನೆಯಿಂದ ಕೌಶಲ್ಯಕ್ಕೆ ಬೆಲೆ ಬರುತ್ತದೆ ಎಂಬ ನಿರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಅಡಿಕೆ ಕೊಯ್ಯುವ ಕೊನೆಗೌಡರನ್ನು ನೋಡಿ. ಒಂದು ಅಡಿಕೆ ಮರ ಹತ್ತಿ, ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಟ್ಟು, ಕೆಳಗಿಳಿಯದೆ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವ, ಮಳೆಗಾಲದಲ್ಲಿ ಜಾರುವ ಮರದ ಮೇಲೆ ಕುಳಿತು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಈ ಕೆಲಸಕ್ಕೆ ಪ್ರಮಾಣಪತ್ರವೂ ಇಲ್ಲ, ದರ್ಜೆಯೂ ಇಲ್ಲ. ಆದರೂ ಕೊಯ್ಲಿನ ದಿನಗಳಲ್ಲಿ ಅವರು ಹೇಳಿದ್ದೇ ದರ, ಅವರು ಕೊಟ್ಟದ್ದೇ ದಿನ. ಕಲಿಯುವ ಹುಡುಗರು ಕಡಿಮೆಯಾದರು, ಕರೆಯುವ ತೋಟಗಳು ಮಾತ್ರ ಊರಿಗೆ ಹತ್ತಾರು ಉಳಿದವು. ಒಬ್ಬ ತೋಟದವನ ಜೊತೆ ಹೊಂದದಿದ್ದರೆ ಅವರು ಮರುದಿನವೇ ಪಕ್ಕದ ತೋಟಕ್ಕೆ ಹೋಗುತ್ತಾರೆ. ನಿಮ್ಮ ಕೌಶಲ್ಯಕ್ಕೆ ಕಾರವಾರದಲ್ಲಿ ಎಷ್ಟು ಜನ ಕೊಳ್ಳುವವರಿದ್ದಾರೆ? ಕೈಗಾ, ನೌಕಾನೆಲೆ, ಬಂದರು, ಇವುಗಳ ಸುತ್ತಲಿನ ಗುತ್ತಿಗೆದಾರರು ಒಬ್ಬರ ದರವನ್ನು ಇನ್ನೊಬ್ಬರು ಬಲ್ಲವರೇ.

ಹಾಗೆಂದು ಕೊನೆಗೌಡರ ಬದುಕನ್ನು ಹೊಗಳುತ್ತಿಲ್ಲ. ಅವರಿಗೆ ಭವಿಷ್ಯನಿಧಿ ಇಲ್ಲ, ಇಎಸ್‌ಐ ಇಲ್ಲ, ಬಿದ್ದರೆ ಆ ದಿನಕ್ಕೇ ದುಡಿಮೆ ಮುಗಿಯಿತು. ಅವರ ದರ ಏರಿದಂತೆಯೇ ನೆಲದಲ್ಲಿ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಯೂ ತೋಟಕ್ಕೆ ಬಂತು. (ನಾವೂ ಒಂದು ತಂದಿದ್ದೇವೆ, ಎತ್ತಿ ಎತ್ತಿ ಕುತ್ತಿಗೆ ನೋಯುವುದು ಬೇರೆ ಮಾತು.)

ಉತ್ತರ: ಮಾಜಾಳಿಯವನು

ಕೊಳ್ಳುವವರು ಬೇಕೆಂದೇ ನಮ್ಮ ಕಡೆಯ ಎಷ್ಟೋ ಜನ ಗಡಿಯ ಪೋಳೆ ದಾಟಿ ಗೋವಾದ ಕಾರ್ಖಾನೆಗಳಿಗೆ ಹೋಗುವುದು. ನಾನೂ ವೆರ್ಣಾದಲ್ಲಿದ್ದೇನೆ. ಸಂಬಳ ಹೆಚ್ಚು, ನಿಜ. ಆದರೆ ಅಲ್ಲಿಯ ಕೋಣೆ ಬಾಡಿಗೆ ಅದರ ಒಂದು ಪಾಲನ್ನು ನುಂಗುತ್ತದೆ. ಸೂಚ್ಯಂಕ ಹಿಡಿಯದ ಇನ್ನೊಂದು ಖರ್ಚು ನಮ್ಮ ಜಿಲ್ಲೆಯದ್ದು. ಕಾಯಿಲೆ ಸ್ವಲ್ಪ ದೊಡ್ಡದಾದರೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು, ಚಿಕಿತ್ಸೆಯ ಜೊತೆಗೆ ಗಾಡಿ ಬಾಡಿಗೆ, ಜೊತೆಗಿದ್ದವರ ಊಟ ವಸತಿ, ಕಳೆದುಕೊಂಡ ದಿನಗೂಲಿ ಎಲ್ಲವೂ ಸೇರುತ್ತವೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯ ಜನ ದನಿಯೆತ್ತಿದ್ದು ಸುಮ್ಮನೆ ಅಲ್ಲ.

ಫಿಟ್ಟರ್, ಕಾರವಾರ

ಚೀಟಿ ನೋಡಿದೆ. ದರ್ಜೆಯ ಜಾಗ ಖಾಲಿ ಇದೆ. ಮೂಲವೇತನ 7,000, ಉಳಿದದ್ದೆಲ್ಲ ಬೇರೆ ಬೇರೆ ಭತ್ಯೆ. ಓವರ್‌ಟೈಮನ್ನು ಆ 7,000ದ ಮೇಲೆಯೇ ಲೆಕ್ಕ ಹಾಕುತ್ತಾರೆ.

ಲೆಕ್ಕ ಬರೆಯುವವನು, ಕುಮಟಾ

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ನಿಮ್ಮ 19,500ಕ್ಕೆ ಆ ವೇತನ ಕನಿಷ್ಠ 9,750 ಆಗುತ್ತದೆ. ಓವರ್‌ಟೈಮಿಗೆ ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದಂತೆ ಕೊಡಬೇಕು. ದರ್ಜೆಯನ್ನು ಬರೆದುಕೊಡಿ ಎಂದು ಲಿಖಿತವಾಗಿ ಕೇಳಿ, ಪ್ರತಿಯೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ, ಮತ್ತು ಸಾಧ್ಯವಾದರೆ ನಿಮ್ಮಂತೆಯೇ ಖಾಲಿ ಚೀಟಿ ಇರುವ ಉಳಿದ ಫಿಟ್ಟರ್‌ಗಳನ್ನೂ ಜೊತೆಗೆ ಸೇರಿಸಿಕೊಳ್ಳಿ. ಒಬ್ಬರೇ ಕೇಳಿದರೆ ನಾಳೆಯೇ ಇನ್ನೊಬ್ಬ ಫಿಟ್ಟರ್‌ನನ್ನು ಕರೆತರುವುದು ಅವರಿಗೆ ಕಷ್ಟವಲ್ಲ.