ಅಪ್‌ಡೇಟ್: ಅಪ್ಪನ ಕೊಲೆಸ್ಟ್ರಾಲ್ ಮಾತ್ರೆ ಮತ್ತು ನ್ಯುಮೋನಿಯಾ

ಅಪ್ಪನಿಗೆ ನ್ಯುಮೋನಿಯಾ ಆಗಿದೆ, ದಿನಾ ನುಂಗುವ ಅಟೋರ್ವಾಸ್ಟಾಟಿನ್ನೇ ಕಾರಣವಾ, ನಿಲ್ಲಿಸಿಬಿಡಲಾ ಅಂತ ಹೋದ ತಿಂಗಳು ಕೇಳಿದ್ದೆ. ಅಪ್ಪ ಈಗ ಆರಾಮಾಗಿದ್ದಾರೆ. ನಿನ್ನೆ ಮಹಡಿ ಹತ್ತಿ ತುಳಸಿಗೆ ನೀರು ಹಾಕಿ ಬಂದರು, ಏದುಸಿರು ಬರಲಿಲ್ಲ.

ಮಾತ್ರೆಯಿಂದ ಸೋಂಕು ಬಂದಿಲ್ಲ ಅಂದರು ಡಾಕ್ಟರ್. ನಾನೂ ಓದಿ ನೋಡಿದೆ. 17,802 ಜನರ ಮೇಲೆ ನಡೆದ ಜುಪಿಟರ್ ಅನ್ನೋ ಔಷಧಿ ಪ್ರಯೋಗದಲ್ಲಿ, ಅಪ್ಪನ ಮಾತ್ರೆಯ ಗುಂಪಿಗೇ ಸೇರಿದ ರೋಸುವಾಸ್ಟಾಟಿನ್ ತೆಗೆದುಕೊಂಡ 214 ಮಂದಿಗೆ ನ್ಯುಮೋನಿಯಾ ಬಂದಿತ್ತು, ಔಷಧಿಯಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ 257 ಮಂದಿಗೆ. ಹಾಗಂತ ಇದು ನ್ಯುಮೋನಿಯಾಗೆ ಮದ್ದಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಕ್ಲಾರಿಥ್ರೋಮೈಸಿನ್ ಬರೆದಿದ್ದರು, ಬೇರೆ ಮಾತ್ರೆ ಏನಾದರೂ ಇದೆಯಾ ಅಂತ ಕೇಳಲೇ ಇಲ್ಲ. ನಾವೂ ಹೇಳಲಿಲ್ಲ. ಆ ಆಂಟಿಬಯಾಟಿಕ್ ಜೊತೆ ಸೇರಿದರೆ ಅಟೋರ್ವಾಸ್ಟಾಟಿನ್ ರಕ್ತದಲ್ಲಿ ಜಾಸ್ತಿಯಾಗಿ ಸ್ನಾಯುಗಳಿಗೆ ಪೆಟ್ಟು ಬೀಳಬಹುದಂತೆ. ಅಪ್ಪ ತೊಡೆ ಒತ್ತಿಕೊಂಡು ಕೂತಿದ್ದಾಗ ಜ್ವರದ ಮೈಕೈ ನೋವು ಅಂದುಕೊಂಡಿದ್ದೆವು. ಈ ಡಾಕ್ಟರ್ ಆಂಟಿಬಯಾಟಿಕ್ ಬದಲಿಸಿದರು, ಕೊಲೆಸ್ಟ್ರಾಲ್ ಮಾತ್ರೆಯನ್ನು ಕೆಲವು ದಿನ ತಡೆದು ಮತ್ತೆ ಶುರು ಮಾಡಿಸಿದರು. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೋಕಾಕಲ್ ಲಸಿಕೆಯೂ ಆಯಿತು.

ದಯವಿಟ್ಟು ಯಾವ ಡಾಕ್ಟರ್ ಹತ್ತಿರ ಹೋದರೂ ಮನೆಯಲ್ಲಿರುವ ಮಾತ್ರೆಗಳ ಸ್ಟ್ರಿಪ್ ಎಲ್ಲಾ ಜೊತೆಗೆ ತೆಗೆದುಕೊಂಡು ಹೋಗಿ. ಅಮ್ಮ ಈಗ ಎಲ್ಲಕ್ಕೂ ಒಂದು ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲೇ ಇಟ್ಟಿದ್ದಾರೆ.