ಪದಚರ್ಚೆ: ಬೇಸ್ ಗಿಟಾರಿನ ತುಂಬಿದ ದನಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬೇಸ್ ಗಿಟಾರಿನ ಭಾಗಕ್ಕೆ ಬಂದಾಗ ಪದಗಳ ತೊಡಕು ಎದುರಾಗಿದೆ. ನನಗೆ ತೋಚಿದ್ದನ್ನು ಕೆಳಗೆ ಬರೆದಿದ್ದೇನೆ. ದಯವಿಟ್ಟು ಓದಿ, ಒಪ್ಪಿಗೆಯಾಗದ್ದನ್ನು ತಿದ್ದಿ.

ತೊಡಕು ಶುರುವಾಗುವುದು 'ಬೇಸ್' ಅನ್ನುವ ಪದದಿಂದಲೇ. ವಾದ್ಯಕ್ಕೂ ಬೇಸ್ ಅನ್ನುತ್ತೇವೆ, ತಗ್ಗಿನ ದನಿಗೂ ಬೇಸ್ ಅನ್ನುತ್ತೇವೆ, ಆಂಪ್ಲಿಫೈಯರ್ ಮೇಲಿನ ತಿರುಪಿಗೂ ಅದೇ ಹೆಸರು. ಹಾಗಾಗಿ ಯಾರಾದರೂ 'ಹಾಡಲ್ಲಿ ಬೇಸ್ ಸಾಲದು' ಅಂದರೆ ಕೈ ಸೀದಾ ಆ ತಿರುಪಿಗೆ ಹೋಗುತ್ತದೆ. ಬಹಳ ಸಲ ಅಲ್ಲೇ ಕೆಲಸ ಕೆಡುವುದು.

ಯಾಕೆ ಅಂತ ಹೇಳುತ್ತೇನೆ. ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ಎಲ್ಲಕ್ಕಿಂತ ದಪ್ಪನೆಯದು ಇ ತಂತಿ. ಬೆರಳೊತ್ತದೆ ಸುಮ್ನೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸಿ, ಅಂದರೆ 41 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಎ ತಂತಿ 55, ಡಿ 73, ಜಿ 98. ಫೋನಿನ ಪುಟ್ಟ ಸ್ಪೀಕರಿನಿಂದ 41 ಹರ್ಟ್ಜ್ ಹೊರಗೆ ಬರುವುದೇ ಇಲ್ಲ. ಆದರೂ ಒಳ್ಳೆಯ ರೆಕಾರ್ಡಿಂಗ್ ಆದರೆ ಫೋನಿನಲ್ಲೂ ಬೇಸ್ ನುಡಿಸಿದ್ದು ಸ್ವರ ಸ್ವರವಾಗಿ ತಿಳಿಯುತ್ತದೆ ಅಲ್ವಾ? ಇ ತಂತಿ ಮೀಟಿದಾಗ 41ರ ಜೊತೆಗೆ 82, 124, 165 ಹೀಗೆ ಮೇಲಿನ ಹಾರ್ಮಾನಿಕ್ಸ್ (ಮೂಲ ದನಿಯ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು) ಕೂಡ ಹುಟ್ಟುತ್ತವೆ. ಅವು ಸರಿಯಾಗಿ ಕೇಳಿಸಿದರೆ ಸಾಕು, ಇಲ್ಲದ 41ನ್ನು ನಮ್ಮ ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಅಂದರೆ ಬೇಸ್ 'ಸಾಲದು' ಅನ್ನಿಸಿದಾಗ ಕೊರತೆ ಇರುವುದು ಎಷ್ಟೋ ಸಲ ಮೇಲೆ, ತಳದಲ್ಲಲ್ಲ. ತಳದ ತಿರುಪನ್ನು ತಿರುಗಿಸಿದಷ್ಟೂ ಸ್ಪೀಕರ್ ದಣಿಯುತ್ತದೆ, ಎಲ್ಲ ವಾದ್ಯ ಸೇರಿಸಿದ ಮಿಕ್ಸ್‌ನಲ್ಲಿ ಬೇರೆ ವಾದ್ಯಗಳಿಗೆ ಜಾಗ ಕಡಿಮೆಯಾಗುತ್ತದೆ, ಬೇಸ್ ಮಾತ್ರ ಮುಂದಕ್ಕೆ ಬರುವುದಿಲ್ಲ.

ಅದಕ್ಕೇ ಒಂದೇ 'ಬೇಸ್' ಪದದ ಬದಲು ಮೂರ್ನಾಲ್ಕು ಪದ ಬೇಕು ಅನ್ನುವುದು ನನ್ನ ಮಾತು. ಪದ ಸರಿಯಾಗಿದ್ದರೆ ಕೈ ಸರಿಯಾದ ಕಡೆ ಹೋಗುತ್ತದೆ.

ಮೊದಲು ಒಟ್ಟಾರೆ ಗುಣಕ್ಕೆ ಒಂದು ಹೆಸರು. 'ದಪ್ಪ ದನಿ' ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಕನ್ನಡದಲ್ಲಿ ದಪ್ಪ ದನಿ ಅಂದರೆ ತಗ್ಗಿನ ಶ್ರುತಿಯ ದನಿ. ಒಬ್ಬ ಹುಡುಗನ ದನಿ ಒಡೆದು ದಪ್ಪವಾಯಿತು ಅನ್ನುತ್ತೇವೆ. ಆ ಲೆಕ್ಕದಲ್ಲಿ ಬೇಸ್ ಗಿಟಾರ್ ಯಾವಾಗಲೂ ದಪ್ಪವೇ, ರೆಕಾರ್ಡಿಂಗ್ ಕೆಟ್ಟದಾಗಿದ್ದರೂ ದಪ್ಪವೇ. ನಾನು ಹುಡುಕುತ್ತಿರುವುದು 'ತುಂಬುದನಿ'. ತುಂಬುಹೊಳೆ, ತುಂಬುಗಣ್ಣು ಇರುವ ಹಾಗೆ ಇದೂ ನಿಲ್ಲುತ್ತದೆ ಅನ್ನಿಸುತ್ತದೆ. 'ಗಟ್ಟಿ ದನಿ' ಕೂಡ ಆಸೆ ಹುಟ್ಟಿಸುತ್ತದೆ, ಆದರೆ 'ಗಟ್ಟಿಯಾಗಿ ಮಾತಾಡು' ಅಂದರೆ ಜೋರಾಗಿ ಅಂತಲೇ ಅರ್ಥ. ಓದುಗರು ವಾಲ್ಯೂಮ್ ಏರಿಸಿಬಿಡುತ್ತಾರೆ. ಬಲಕ್ಕೆ 'ಕಸುವು' ಅನ್ನಬಹುದೇ? ಕಸುವುಳ್ಳ ದನಿ. ಇದು ಜೋರಿಗಿಂತ ಬೇರೆ ಅಂತ ಕೂಡಲೇ ತಿಳಿಯುತ್ತದೆ.

'ಮಂದ್ರ' ಯಾಕೆ ಬೇಡ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ವೀಣೆಯ ನಾಲ್ಕು ತಂತಿಗಳಿಗೆ ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಅಂತ ಹೆಸರಿರುವುದು ನಿಜ. ಆದರೆ ಮಂದ್ರ ಅನ್ನುವುದು ಹಾಡುವವರ ಶ್ರುತಿಗೆ ತಕ್ಕಂತೆ ಬದಲಾಗುವ ಸ್ಥಾಯಿ. ಹೆಂಗಸರ ಮಂದ್ರವೇ ಬೇರೆ, ಗಂಡಸರ ಮಂದ್ರವೇ ಬೇರೆ. ಇಲ್ಲಿ ನಮಗೆ ಬೇಕಾದದ್ದು ಇಷ್ಟು ಹರ್ಟ್ಜ್‌ನಿಂದ ಇಷ್ಟು ಹರ್ಟ್ಜ್‌ವರೆಗೆ ಅಂತ ಗಟ್ಟಿಯಾಗಿ ತೋರಿಸುವ ಪದ. ವೀಣೆಯಿಂದ ತೆಗೆದುಕೊಳ್ಳುವುದಾದರೆ ತಂತಿಗಳನ್ನು ಹೊರುವ ಬ್ರಿಜ್‌ಗೆ 'ಕುದುರೆ', ಬೆರಳೊತ್ತುವ ಪಟ್ಟಿಯಾದ ಫ್ರೆಟ್‌ಗೆ 'ಮೆಟ್ಟಿಲು' ತೆಗೆದುಕೊಳ್ಳೋಣ. ಎರಡೂ ಚೆನ್ನಾಗಿ ಹೊಂದುತ್ತವೆ.

ಇನ್ನು ವಲಯಗಳು. 40ರಿಂದ 80 ಹರ್ಟ್ಜ್‌ಗೆ 'ತಳ'. ಇದು ಕಿವಿಗಿಂತ ಎದೆಗೆ ತಾಗುವ ಭಾಗ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಬಲವೂ ಇಲ್ಲೇ ಇರುವುದರಿಂದ ಎರಡೂ ಒಂದೇ ಜಾಗಕ್ಕೆ ನೂಕಾಡುತ್ತವೆ. ಕಿಕ್‌ಗೆ 60 ಬಿಟ್ಟುಕೊಟ್ಟರೆ ಬೇಸ್‌ಗೆ 90-100ರ ಸುತ್ತ ಜಾಗ ಮಾಡಿಕೊಡಬೇಕು, ಅಥವಾ ಉಲ್ಟಾ. 30ಕ್ಕಿಂತ ಕೆಳಗಿರುವುದನ್ನು ಹೈ-ಪಾಸ್ ಫಿಲ್ಟರ್ (ಮೇಲಿನ ದನಿಯನ್ನು ಮಾತ್ರ ಬಿಡುವ ಸೋಸುಕ) ಹಾಕಿ ತೆಗೆದರೆ ನಾಲ್ಕು ತಂತಿಯ ವಾದ್ಯಕ್ಕೆ ನಷ್ಟವೇನೂ ಇಲ್ಲ. 80ರಿಂದ 200ಕ್ಕೆ 'ಮೈ'. ತುಂಬುದನಿಯ ಬಹುಪಾಲು ಇಲ್ಲಿಯೇ ಇದೆ.

ಇದರ ಮೇಲಿನದು ನನಗೆ ತುಂಬಾ ಇಷ್ಟವಾದ ಪದ. 200-300 ಹರ್ಟ್ಜ್ ಸುತ್ತ ದನಿ ಕಲಸಿಹೋದರೆ ರೆಕಾರ್ಡಿಂಗ್ ಮಂದಿ ಇಂಗ್ಲಿಷಿನಲ್ಲಿ 'ಮಡ್ಡಿ' ಅನ್ನುತ್ತಾರೆ, ಕೆಸರಾದದ್ದು ಅನ್ನುವ ಅರ್ಥದಲ್ಲಿ. ನಮ್ಮಲ್ಲೂ 'ಮಡ್ಡಿ' ಇದೆ! ಎಣ್ಣೆಯ ತಳದಲ್ಲಿ ನಿಂತ ಗಸಿ. ಜೊತೆಗೆ ಚುರುಕಿಲ್ಲದ್ದು ಅನ್ನುವ ಅರ್ಥವೂ ಇದೆ. ಎರಡೂ ಭಾಷೆಯ ಪದಕ್ಕೆ ನಂಟೇನೂ ಇಲ್ಲ, ಆದರೆ ಉಚ್ಚಾರವೂ ಭಾವವೂ ಬಂದು ಒಂದೇ ಕಡೆ ಕೂತಿವೆ. ಇಂಥದ್ದು ಮತ್ತೆ ಸಿಗುವುದಿಲ್ಲ. ಗಿಟಾರು, ಪಿಯಾನೊ, ಗಂಡಸರ ದನಿ ಎಲ್ಲವೂ ಈ ಜಾಗದಲ್ಲಿ ಬಂದು ಗಸಿಯಂತೆ ಕೂರುತ್ತವೆ. 250ರ ಹತ್ತಿರ ಮೂರು ಡೆಸಿಬೆಲ್ ಇಳಿಸಿ ನೋಡಿ, ತಳಕ್ಕೆ ಏನೂ ಸೇರಿಸದೆಯೇ ಬೇಸ್ ದೊಡ್ಡದಾದಂತೆ ಕೇಳುತ್ತದೆ. 'ಮಡ್ಡಿ ತೆಗೆಯುವುದು' ಅಂತ ಕೈಪಿಡಿಯಲ್ಲಿ ಬರೆದರೆ ಯಾರಿಗೂ ವಿವರಣೆ ಬೇಡ ಅನ್ನುವುದು ನನ್ನ ನಂಬಿಕೆ.

ಮಡ್ಡಿಯ ಜೊತೆ ಬೆರೆಸಬಾರದ ಇನ್ನೊಂದು ದೋಷವಿದೆ. ಎಲ್ಲ ಸ್ವರ ಸರಿಯಾಗಿದ್ದು ಒಂದೇ ಒಂದು ಸ್ವರ ಗುಮ್ ಅಂತ ಉಬ್ಬುವುದು. ಇದು ಹೆಚ್ಚಾಗಿ ಕೋಣೆಯ ಕೆಲಸ. ಎದುರುಬದುರು ಗೋಡೆಗಳ ನಡುವೆ 4 ಮೀಟರ್ ಇದ್ದರೆ ಆ ಕೋಣೆ 43 ಹರ್ಟ್ಜ್ ಹತ್ತಿರ ತಾನೇ ದನಿಗೂಡಿಸುತ್ತದೆ. ಇ ತಂತಿಯ ಮೊದಲ ಮೆಟ್ಟಿಲಿನ ಎಫ್ ಸ್ವರ ಸರಿಯಾಗಿ ಅಲ್ಲೇ ಬೀಳುತ್ತದೆ. ಗೋಡೆಗೆ ಒರಗಿ ಕೂತು ಕೇಳಿದರೆ ಆ ಎಫ್ ಉಬ್ಬುತ್ತದೆ. ಎರಡು ಗೋಡೆಗಳ ನಟ್ಟನಡುವೆ ಕೂತರೆ ಅದೇ ಎಫ್ ಮಾಯವಾದಂತೆ ಇರುತ್ತದೆ. ವಾದ್ಯವನ್ನು ನೇರವಾಗಿ, ಕಂಪ್ಯೂಟರಿಗೆ ದನಿ ಕಳಿಸುವ ಪೆಟ್ಟಿಗೆಯಾದ ಇಂಟರ್‌ಫೇಸಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿದ್ದರೆ ಫೈಲಿನಲ್ಲಿ ಈ ದೋಷ ಇರುವುದೇ ಇಲ್ಲ. ಇಕ್ಯೂ (ಬೇರೆ ಬೇರೆ ಹರ್ಟ್ಜ್ ವಲಯಗಳನ್ನು ಏರಿಸಿ ಇಳಿಸುವ ಸಾಧನ) ಹಾಕಿ ಅದನ್ನು 'ಸರಿ' ಮಾಡಿದರೆ ಸರಿ ಇದ್ದದ್ದನ್ನು ಕೆಡಿಸಿದ ಹಾಗೆ. ಕುರ್ಚಿ ಸರಿಸಬೇಕು, ಹೆಡ್‌ಫೋನಿನಲ್ಲಿ ಕೇಳಿ ಹೋಲಿಸಬೇಕು. ಇದಕ್ಕೆ ನಾನು 'ಗುಮ್ಮು' ಅಂತ ಬರೆದಿಟ್ಟಿದ್ದೇನೆ. ಓದಿದಾಗ ಮಕ್ಕಳನ್ನು ಹೆದರಿಸುವ ಗುಮ್ಮ ನೆನಪಾಗುತ್ತಾನೆ, ಅಲ್ವಾ? ಇದಕ್ಕಿಂತ ಒಳ್ಳೆಯದು ಖಂಡಿತ ಇರಬೇಕು.

ಮೇಲೆ 700ರಿಂದ 1,000 ಹರ್ಟ್ಜ್ ಸುತ್ತ ಬರುವುದು ಗುರ್ ಅನ್ನುವ ಒರಟುತನ. ಮಿಕ್ಸ್‌ನಲ್ಲಿ ಬೇಸ್ ಎದ್ದು ಕಾಣುವುದು ಇದರಿಂದ. ಸುಲಭದ ದಾರಿ ಒಂದಿದೆ. ಬೇಸ್ ಟ್ರ್ಯಾಕಿನ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಅದರಲ್ಲಿ ತಳವನ್ನೂ ಮೈಯನ್ನೂ ಕತ್ತರಿಸಿ, ಉಳಿದದ್ದಕ್ಕೆ ಸ್ವಲ್ಪ ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಪರಿಣಾಮ) ಕೊಡಿ, ಮೂಲ ಟ್ರ್ಯಾಕಿನ ಕೆಳಗೆ ಮೆಲ್ಲಗೆ ಸೇರಿಸಿ. ಆ ಪ್ರತಿ ಬೇರೆಯಾಗಿ ಕೇಳಿಸಬಾರದು, ತೆಗೆದಾಗ ಮಾತ್ರ ಏನೋ ಕಡಿಮೆಯಾಯಿತು ಅನ್ನಿಸಬೇಕು. ಈ ಗುಣಕ್ಕೆ 'ಗೊಗ್ಗರು' ಅನ್ನೋಣವೇ? ಗೊಗ್ಗರು ದನಿ ಅಂದಾಗ ನೆಗಡಿ, ಗಂಟಲು ಕಟ್ಟಿದ್ದು ನೆನಪಾಗಿ ಅದೊಂದು ದೋಷ ಅನ್ನಿಸಬಹುದು ಅನ್ನುವ ಅಳುಕಿದೆ. 'ಗುರುಗುಟ್ಟುವ ದನಿ' ಅಂದರೆ ಸಿಟ್ಟು ಬಂದ ನಾಯಿ. ಬೇರೆ ಏನಿದೆ?

'ಪಂಚ್' ಅನ್ನುವುದಕ್ಕೆ 'ಗುದ್ದು' ಸಾಕು, ಅದರಲ್ಲಿ ಚರ್ಚೆಯೇ ಬೇಡ. ಕಂಪ್ರೆಸರಿನ (ಜೋರಾದ ದನಿಯನ್ನು ತಗ್ಗಿಸುವ ಸಾಧನ) ಅಟ್ಯಾಕ್ ಸಮಯವನ್ನು, ಅಂದರೆ ಅದು ಕೆಲಸ ಶುರುಮಾಡಲು ತೆಗೆದುಕೊಳ್ಳುವ ಹೊತ್ತನ್ನು, 20-30 ಮಿಲಿಸೆಕೆಂಡ್ ಇಟ್ಟರೆ ಬೆರಳು ತಂತಿಗೆ ತಾಗುವ ಮೊದಲ ಏಟು ದಾಟಿಹೋಗುತ್ತದೆ, ಗುದ್ದು ಉಳಿಯುತ್ತದೆ. ಒಂದೆರಡು ಮಿಲಿಸೆಕೆಂಡಿಗೆ ಇಳಿಸಿದರೆ ಗುದ್ದು ಸಾಯುತ್ತದೆ. ಇಷ್ಟೇ.

ಕೈಯಿಂದ ಬರುವ ವ್ಯತ್ಯಾಸಕ್ಕೆ ಮಾತ್ರ ನನಗೆ ನಿಜವಾಗಿ ಪದ ಬೇಕು. ಎ ತಂತಿಯನ್ನು ಬೆರಳೊತ್ತದೆ ಮೀಟಿ. ಆಮೇಲೆ ಇ ತಂತಿಯ ಐದನೇ ಮೆಟ್ಟಿಲು ಒತ್ತಿ ಮೀಟಿ. ಎರಡೂ ಒಂದೇ ಸ್ವರ, 55 ಹರ್ಟ್ಜ್. ಆದರೆ ದನಿ ಒಂದೇ ಅಲ್ಲ. ಮೊದಲನೆಯದರಲ್ಲಿ ಹೊಳಪಿದೆ, ತಂತಿಯ ಸದ್ದು ಬಹಳ ಹೊತ್ತು ನಿಲ್ಲುತ್ತದೆ. ಎರಡನೆಯದು ಮೇಲಿನ ಹಾರ್ಮಾನಿಕ್ಸ್ ಕಡಿಮೆಯಾಗಿ ಹೆಚ್ಚು ತೂಕದ್ದಾಗಿ ಕೇಳುತ್ತದೆ. ಕುದುರೆಯ ಹತ್ತಿರ ಮೀಟಿದರೆ ದನಿ ಬಿಗಿ, ಕುತ್ತಿಗೆಯ ಕಡೆ ಮೀಟಿದರೆ ದನಿ ಅಗಲ. ಯಾವ ಪ್ಲಗಿನ್ (ರೆಕಾರ್ಡಿಂಗ್ ತಂತ್ರಾಂಶಕ್ಕೆ ಸೇರಿಸುವ ಸಾಧನ) ಕೂಡ ಇದನ್ನು ಆಮೇಲೆ ಕೊಡಲಾರದು. 'ಬಿಗಿ' ಮತ್ತು 'ಅಗಲ' ಅಂತ ನಾನು ಬರೆದದ್ದು ಕೈಗೆ ಸಿಕ್ಕ ಪದಗಳನ್ನು. ಮೀಟುವ ವಾದ್ಯ ನುಡಿಸುವವರು ತಮ್ಮ ತಮ್ಮಲ್ಲಿ ಇದಕ್ಕೆ ಏನನ್ನುತ್ತಾರೆ ಅನ್ನುವುದು ಗೊತ್ತಾದರೆ ಅದನ್ನೇ ಹಾಕುತ್ತೇನೆ.

ಹಳೆಯ ತಂತಿಗೆ 'ಸತ್ತ ತಂತಿ' ಅನ್ನುವ ರೂಢಿ ಹಬ್ಬುತ್ತಿದೆ. ಇದನ್ನು ನಾನು ಒಪ್ಪುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಫ್ಲಾಟ್‌ವೂಂಡ್ (ಚಪ್ಪಟೆ ಲೋಹದ ಪಟ್ಟಿ ಸುತ್ತಿದ) ತಂತಿಗಳನ್ನು ಬದಲಿಸಲು ಹೋಗುತ್ತಿರಲಿಲ್ಲ. ಎಷ್ಟೋ ಸಲ ವಾದ್ಯವನ್ನು ನೇರವಾಗಿ ಮಿಕ್ಸರಿಗೇ ಸಿಕ್ಕಿಸುತ್ತಿದ್ದರು. ಆ ತುಂಬುದನಿಗೆ ಇವತ್ತೂ ಜನ ಮನಸೋಲುತ್ತಾರೆ. ಅಂಥ ತಂತಿಗೆ 'ಪಳಗಿದ ತಂತಿ' ಅನ್ನುವುದು ಸರಿ. ಇದಕ್ಕೆ ವಿರುದ್ಧವಾಗಿ, ಪ್ಯಾಸಿವ್ ಬೇಸನ್ನು (ಒಳಗೆ ಬ್ಯಾಟರಿಯ ಸರ್ಕ್ಯೂಟ್ ಇಲ್ಲದ್ದು) ಇಂಟರ್‌ಫೇಸಿನ ಇನ್‌ಸ್ಟ್ರುಮೆಂಟ್ ಸಾಕೆಟ್ ಬಿಟ್ಟು ಲೈನ್ ಸಾಕೆಟ್ಟಿಗೆ ಹಾಕಿದಾಗ ಮೇಲಿನ ದನಿ ನಿಜಕ್ಕೂ ಸೋರಿಹೋಗುತ್ತದೆ. ಅದಕ್ಕೆ 'ಮಂಕು' ಅನ್ನುವ ಪದ ಆಗಲೇ ಬಳಕೆಯಲ್ಲಿದೆ. ಅದು ದೋಷವೇ.

ಹಾಗಾಗಿ ನಿಮ್ಮಿಂದ ಮುಖ್ಯವಾಗಿ ಬೇಕಾಗಿರುವುದು 'ಗುಮ್ಮು', 'ಗೊಗ್ಗರು' ಇವೆರಡಕ್ಕೆ ಬದಲಿ, ಮತ್ತು ಬಿಗಿ-ಅಗಲ ಜೋಡಿಗೆ ಇನ್ನೂ ಚೂಪಾದ ಮಾತು. ಬರೀ ಪದ ಕಳಿಸಬೇಡಿ. ಅದನ್ನು ಬಳಸಿ ಒಂದು ವಾಕ್ಯವನ್ನೂ ಬರೆಯಿರಿ, ಪಕ್ಕದಲ್ಲಿ ಕೂತು ಮಿಕ್ಸ್ ಮಾಡುತ್ತಿರುವವರಿಗೆ ಹೇಳುವ ಹಾಗೆ. 'ಎರಡನೇ ಸಾಲಲ್ಲಿ ಬೇಸ್ ಸ್ವಲ್ಪ ಮಡ್ಡಿ ಆಗಿದೆ, 250 ಇಳಿಸು ನೋಡೋಣ' ಅನ್ನುವಷ್ಟು ಸಲೀಸಾಗಿ ಬಾಯಿಗೆ ಬಂದರೆ ಆ ಪದವನ್ನು ಕೈಪಿಡಿಗೆ ತೆಗೆದುಕೊಳ್ಳುತ್ತೇನೆ.